ಬೆಂಕಿದ್ವೀಪದ ಕೋಲು

ಹಬ್ಬ ಹತ್ತಿರ ಬಂತೆಂದು ಮೊನ್ನೆ ನಮ್ಮ ಸೊಸೆ ಸುಣ್ಣದ ಕಲ್ಲು ತರಿಸಿದ್ದಳು. ಈಗ ಎಲ್ಲರೂ ಗೋಡೆಗೆ ಡಬ್ಬಿಯ ಬಣ್ಣ ಬಳಿಯುವವರೇ. ಆದರೂ ಕೊಟ್ಟಿಗೆಗೆ ಸುಣ್ಣವೇ ಆಗಬೇಕೆಂದು ಅವಳ ಹಠ. ಹಿತ್ತಲಿನ ಹಳೇ ಬಾನಿಗೆ ಕಲ್ಲು ಸುರಿದು ನೀರು ಹೊಯ್ದಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ತಳದಲ್ಲಿ ಚುಯ್ ಎಂದಿತು, ಕಲ್ಲು ಬಿರಿಯಿತು, ಬಾನಿ ಪೂರ್ತಿ ಕೊತಕೊತ ಕುದಿಯತೊಡಗಿತು. ಗಂಟಲು ಕೆರೆಯುವ ಆ ಬಿಸಿ ವಾಸನೆ ಜಗುಲಿಯವರೆಗೆ ಬಂತು. ನಾನು ಎದ್ದು ಬೀದಿಗೆ ನಡೆದುಬಿಟ್ಟೆ.

“ಕಾಪಿ ಇಟ್ಟಿವ್ನಿ, ಎಲ್ಗೊಂಟ್ರಿ?” ಎಂದು ಅವಳು ಕೂಗುತ್ತಲೇ ಇದ್ದಳು.

ನಾನು ಹೆದರುತ್ತೇನೆಂದರೆ ಈ ಸೀಮೆಯಲ್ಲಿ ಯಾರೂ ನಂಬುವುದಿಲ್ಲ. ಹೆದರಿಸುವುದೇ ನನ್ನ ಕಸುಬಾಗಿತ್ತು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಹೋಗುವ ಬಸ್ಸಿನ ಕಂಡಕ್ಟರನ ಸೀಟಿಗೆ ಮೆಣಸಿನಪುಡಿ ತುಂಬಿದವನು ನಾನು. ನಿಶ್ಚಿತಾರ್ಥಕ್ಕೆ ಬಂದ ಬೀಗರ ಚಪ್ಪಲಿಗಳಲ್ಲಿ ಎಡಗಾಲಿನದನ್ನು ಮಾತ್ರ ಎತ್ತಿ ಬಾವಿಯ ಕಟ್ಟೆ ಮೇಲೆ ಸಾಲಾಗಿ ಜೋಡಿಸಿಟ್ಟವನು ನಾನು. ಹೊನ್ನೂರಿನ ಸುತ್ತಮುತ್ತ ಯಾರ ಮನೆಯ ಬಿಳಿ ಹುಂಜ ನೀಲಿಯಾದರೂ ಜನ ಮೊದಲು ನನ್ನ ಬೆರಳು ನೋಡುತ್ತಿದ್ದರು. ಅಂಥ ಹೆಸರು ಸುಮ್ಮನೆ ಬರುವುದಿಲ್ಲ. ಇವನ್ನೆಲ್ಲ ಐವತ್ತು ವರ್ಷಗಳಿಂದ ಹೇಳಿಕೊಂಡು ಜನರನ್ನು ನಗಿಸುತ್ತ ಬಂದಿದ್ದೇನೆ. ಒಂದನ್ನು ಮಾತ್ರ ಬಿಟ್ಟು...

ಆ ಒಂದು ಕಥೆ ನಮ್ಮ ಪಕ್ಕದ ಮನೆಯವರದು. ಊರಿಗೆಲ್ಲ ಹಡಗಿನ ಮಾವ. ಹದಿನೇಳನೇ ವಯಸ್ಸಿನಲ್ಲಿ ಮನೆ ಬಿಟ್ಟು ಮದ್ರಾಸಿಗೆ ಓಡಿ, ಬಂದರಿನಲ್ಲಿ ಹಡಗು ಹತ್ತಿ, ಅದರ ಹೊಟ್ಟೆಯಲ್ಲಿ ಕೂತು ಒಲೆಗೆ ಕಲ್ಲಿದ್ದಲು ಹಾಕುವ ಕೆಲಸ ಮಾಡಿದವರು. ಮಹಾಯುದ್ಧ ಮುಗಿದ ಮೇಲೆ ಒಂದು ತಗಡಿನ ಪೆಟ್ಟಿಗೆ ಮತ್ತು ಒಂದು ಕೋಲಿನೊಂದಿಗೆ ಊರಿಗೆ ಬಂದರಂತೆ. ನನಗೆ ಬುದ್ಧಿ ತಿಳಿದಾಗಿನಿಂದ ಅವರು ಆ ಕೋಲು ಬಿಟ್ಟು ಹೆಜ್ಜೆ ಇಟ್ಟದ್ದನ್ನು ನಾನು ಕಂಡಿಲ್ಲ. ಬೆಳ್ಳಗೆ ಬಿಳುಚಿಕೊಂಡ, ಮೂಳೆಯಂಥ ಕೋಲು. ಕಾಲು ಗಟ್ಟಿಯಾಗಿಯೇ ಇತ್ತು. ಆದರೂ ಮುಂದಿನ ನೆಲವನ್ನು ಎರಡು ಸಲ ತಟ್ಟಿ, ಕಿವಿಗೊಟ್ಟು ಕೇಳಿ, ಆಮೇಲೆಯೇ ಕಾಲಿಡುವುದು. ಗದ್ದೆಯ ಬದುವಿನಲ್ಲೂ ಹಾಗೆ, ಮದುವೆ ಮನೆಯ ಚಪ್ಪರದಲ್ಲೂ ಹಾಗೆ. ಅವರ ಹಿಂದೆ ಸಾಲುಗಟ್ಟಿ ನಾವೂ ಜೋಳದ ದಂಟು ತಟ್ಟಿಕೊಂಡು ನಡೆದು ಅಣಕಿಸುತ್ತಿದ್ದೆವು. ಆ ಸಾಲಿನ ಮುಂದಾಳು ಯಾರೆಂದು ಬೇರೆ ಹೇಳಬೇಕಿಲ್ಲ.

ಅವರ ಹಡಗು ಒಂದು ಚಳಿಗಾಲ ಕೆಟ್ಟು ನಿಂತದ್ದು ಉತ್ತರದ ತುದಿಯ ಒಂದು ದ್ವೀಪದಲ್ಲಿ. ಅದು ಐಸ್‌ಲ್ಯಾಂಡ್ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಅವರು ಬೆಂಕಿದ್ವೀಪ ಎನ್ನುತ್ತಿದ್ದರು. ಅಲ್ಲಿಂದ ತಂದ ಹನ್ನೆರಡು ಪಟಗಳು ಅವರ ಪೆಟ್ಟಿಗೆಯಲ್ಲಿದ್ದವು. ಅಂಚೆ ಕಾರ್ಡಿನಷ್ಟು ಅಗಲದವು, ಅಂಚು ಸವೆದಿದ್ದವು. ಸಂಜೆ ಅರಳಿಕಟ್ಟೆಯಲ್ಲಿ ಕೂತು ಒಂದೊಂದನ್ನೇ ತೊಡೆಯ ಮೇಲಿಟ್ಟು ತೋರಿಸುತ್ತಿದ್ದರು.

ಒಂದರಲ್ಲಿ ನಮ್ಮ ಭರಚುಕ್ಕಿಯಂಥ ಜಲಪಾತ. ಆದರೆ ನೀರು ಎರಡು ಮೆಟ್ಟಿಲಿಳಿದು ನೆಲದ ಸೀಳಿನೊಳಗೆ ಮಾಯವಾಗುತ್ತದೆ, ಎಲ್ಲಿಗೆ ಹೋಯಿತೆಂದು ಕಾಣುವುದಿಲ್ಲ. ಒಂದರಲ್ಲಿ ಕರ್ರಗಿನ ಮರಳಿನ ಕಡಲ ದಂಡೆ, ಯಾರೋ ಅಳತೆ ಹಿಡಿದು ಕಡಿದು ನಿಲ್ಲಿಸಿದಂಥ ಕಲ್ಲುಕಂಬಗಳ ಗುಡ್ಡ. ಒಂದರಲ್ಲಿ ಹುಲ್ಲಿನ ಹೆಂಟೆ ಹೊದಿಸಿದ ಚರ್ಚು. ಅದರ ಮಾಡಿನ ಮೇಲೆ ಕುರಿ ಮೇಯುತ್ತಿದೆ. ಒಂದರಲ್ಲಿ ಬೆಟ್ಟದ ಬಾಯಿಂದ ಹರಿದು ಆರಿದ ಬೆಂಕಿಯ ಹೊಲ, ಗಾವುದ ದೂರದವರೆಗೆ ಕಪ್ಪು. ಆ ದ್ವೀಪದಲ್ಲಿ ಮರವೇ ಇಲ್ಲವಂತೆ. ಯಾವುದೋ ದೇಶದ ಮರ ಸಮುದ್ರದಲ್ಲಿ ತೇಲಿ ಬಂದು ದಡಕ್ಕೆ ಬಿದ್ದರೆ ಅದೇ ಅವರಿಗೆ ಕಟ್ಟಿಗೆ. ಮಾವನ ಕೋಲೂ ಅಂಥದ್ದೇ. ರೊಟ್ಟಿಯ ಹಿಟ್ಟನ್ನು ಡಬ್ಬಿಗೆ ತುಂಬಿ ನೆಲದಲ್ಲಿ ಹೂತಿಟ್ಟರೆ ಮರುದಿನ ಬೆಂದಿರುತ್ತದಂತೆ.

“ಅಂಗಾರೆ ಸೌದೆ ಕರ್ಚೇ ಇಲ್ಲ ಅನ್ನು ಮಾವ. ನಮ್ಮೂರ್ಗೂ ಒಂದು ತೂತ ತರ್ಬಾರ್ದಾಗಿತ್ತಾ?” ಎಂದೆ ನಾನು. ಕಟ್ಟೆಯೆಲ್ಲ ನಕ್ಕಿತು. ಅವರು ನಗಲಿಲ್ಲ.

“ಬ್ಯಾಡ ಕಣ್ಲಾ ಅಳಿಯ. ಅದ್ನ ಕರೀಬ್ಯಾಡ. ಅದ್ಕೆ ಕಿವಿ ಅದೆ.”

ಹೇಳುತ್ತ ಅವರು ಕೂತ ಕಟ್ಟೆಯ ಕಲ್ಲನ್ನು ಬೆರಳಿನಿಂದ ಒಮ್ಮೆ ತಟ್ಟಿ ನೋಡಿಕೊಂಡರು.  ನಾನು ಹಲ್ಲು ಕಿರಿದೆ.

ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ ಪಟ ಇನ್ನೊಂದು. ಬಯಲಿನ ನಡುವೆ ತೆಂಗಿನ ಮರದೆತ್ತರ ಚಿಮ್ಮಿ ನಿಂತ ಕುದಿನೀರು. ಅದು ಸುಮ್ಮನಿದ್ದರೆ ಬಾಯಿಗೆ ಸಾಬೂನು ಹಾಕುತ್ತಿದ್ದರಂತೆ, ಆಗ ಉಗುಳುತ್ತಿತ್ತಂತೆ. ಅದನ್ನು ನೋಡಲು ಹೋದ ದಿನ ಅವರ ಜೊತೆಗಿದ್ದವನು ಅದೇ ಹಡಗಿನ ಮಲಬಾರಿನ ಗೆಳೆಯ. ದಾರಿ ತೋರಿಸುವವನು ಕೋಲು ತಟ್ಟಿಕೊಂಡು ಮುಂದೆ ಹೋಗುತ್ತಿದ್ದ. ಟಣ್ ಎಂದರೆ ಗಟ್ಟಿ, ಬೊದ್ ಎಂದರೆ ಪೊಳ್ಳು. ಗೆಳೆಯ ಎರಡೇ ಹೆಜ್ಜೆ ಪಕ್ಕಕ್ಕೆ ಸರಿದ. ಬೆಳ್ಳಗೆ ಹಪ್ಪಳದಂತಿದ್ದ ನೆಲ ಮುರಿದು ಕಾಲು ಮೊಣಕಾಲಿನವರೆಗೆ ಒಳಗೆ ಹೋಯಿತು. “ನಾನೇ ಎಳ್ದೆ. ಬೂಟು ಬಂತು... ಬೂಟಿನ್ ಜೊತೇಲಿ...” ಎಂದು ಅಲ್ಲಿಗೇ ನಿಲ್ಲಿಸಿಬಿಡುತ್ತಿದ್ದರು. ಆ ಗೆಳೆಯನನ್ನು ಅಲ್ಲಿಯೇ ಕಪ್ಪು ಕಲ್ಲುಗಳ ನಡುವೆ ಮಣ್ಣು ಮಾಡಿ ಬಂದಿದ್ದರು.

ಕೊನೆಯ ಪಟ ನನಗೆ ಸೇರುತ್ತಿರಲಿಲ್ಲ. ನೆಲ ಉದ್ದಕ್ಕೆ ಸೀಳಿಕೊಂಡ ಕಣಿವೆ, ಅಂಚಿನಲ್ಲಿ ಒಂದು ಬಂಡೆ. ಸಾವಿರ ವರ್ಷದ ಹಿಂದೆ ಆ ದ್ವೀಪದ ಜನವೆಲ್ಲ ಬೇಸಗೆಯಲ್ಲಿ ಅಲ್ಲಿ ಸೇರುತ್ತಿದ್ದರಂತೆ. ಒಬ್ಬ ಬಂಡೆಯ ಮೇಲೆ ನಿಂತು ಕಟ್ಟಳೆಗಳನ್ನು ಬಾಯಲ್ಲೇ ಹೇಳುತ್ತಿದ್ದನಂತೆ. ತಪ್ಪು ಒಪ್ಪುಗಳ ತೀರ್ಮಾನವೂ ಅಲ್ಲೇ.

“ಅಲ್ಲಿ ಪಿಸುಮಾತ್ಗೆ ಬೆಲೆ ಇಲ್ಲ. ಕಟ್ಟಕಡೇಲಿ ನಿಂತವ್ನ್ಗೂ ಕೇಳಂಗೆ ಕೂಗಿ ಏಳುದ್ರೇಯ ಅದು ಮಾತು.”

“ನಮ್ ಕಟ್ಟೇಲಿ ಅಂಗೆ ಕೂಗುದ್ರೆ ಕಾಗೆ ಇಕ್ಕೆ ಆಕ್ತವೆ, ಮಾವ” ಎಂದೆ. ಈ ಸಲ ನಕ್ಕವರು ಇಬ್ಬರೇ. ಅಲ್ಲಿಯವರೆಗೆ ಆ ಕಟ್ಟೆಯ ರಾಜ ನಾನಾಗಿದ್ದೆ. ಮಾವ ಈ ಪಟಗಳನ್ನು ಕಟ್ಟೆಗೆ ತರತೊಡಗಿದ ಮೇಲೆ ನನ್ನ ಮಾತು ಕೇಳುವವರೇ ಕಡಿಮೆಯಾಗಿದ್ದರು. ಆವತ್ತೇ ನಿರ್ಧಾರ ಮಾಡಿದೆ. ಸಾಬೂನು ಹಾಕಿ ಭೂಮಿಯಿಂದ ಉಗುಳಿಸುವುದಾದರೆ ನಾನೂ ಒಂದು ಕೈ ನೋಡೋಣ. ಈ ಹಡಗಿನ ಮಾವ ಕಚ್ಚೆ ಎತ್ತಿಕೊಂಡು ಓಡುವುದನ್ನು ಊರೆಲ್ಲ ನೋಡಲಿ. ನನಗಾಗ ಇಪ್ಪತ್ತಮೂರು ವರ್ಷ. ಅರವತ್ತರ ದಶಕ ಮುಗಿಯುತ್ತ ಬಂದಿತ್ತು.

ನಮ್ಮ ಕಬ್ಬಿನ ಗದ್ದೆ ಊರಿಗೆ ಅಂಟಿಕೊಂಡೇ ಇತ್ತು. ಆಚೆ ತುದಿಯಲ್ಲಿ ನಮ್ಮ ಆಲೆಮನೆ, ಈಚೆ ತುದಿಯಲ್ಲಿ ಕಾಲುವೆ, ಕಾಲುವೆಯ ಮಗ್ಗುಲಿಗೆ ಅರಳಿಕಟ್ಟೆ. ಕಬ್ಬು ಕಡಿದು ತರಗಿಗೆ ಬೆಂಕಿ ಹಾಕಿದ್ದರಿಂದ ನೆಲ ಪೂರ್ತಿ ಕಪ್ಪಾಗಿತ್ತು, ಆ ಪಟದ ಬೆಂಕಿಯ ಹೊಲದ ಹಾಗೇ. ಕಬ್ಬಿನ ಹಾಲಿನ ಕೊಳೆ ತೆಗೆಯಲು ಆಲೆಮನೆಯಲ್ಲಿ ಸುಟ್ಟ ಸುಣ್ಣದ ಕಲ್ಲು ಮೂಟೆಗಟ್ಟಲೆ ಇರುತ್ತಿತ್ತು. ಹಿಂದಿನ ಸಂಜೆ ಒಬ್ಬನೇ ಹೋಗಿ ಮೊಣಕಾಲುದ್ದದ ನಾಲ್ಕು ಗುಂಡಿ ತೋಡಿದೆ. ಸುಣ್ಣದ ಕಲ್ಲು ತುಂಬಿ, ಮೇಲೆ ತರಗು ಹಾಕಿ, ಬೂದಿಮಣ್ಣು ಹರಡಿದೆ. ನಾಲ್ಕನೆಯ ಗುಂಡಿಯ ಮೇಲೆ ಮಾತ್ರ ಬೆಲ್ಲದ ಅಚ್ಚಿನ ಹಳೇ ಹಲಗೆ ಮುಚ್ಚಿ ಅದರ ಮೇಲೆ ಮಣ್ಣು ತಟ್ಟಿದೆ. ಆವಿ ಒಳಗೇ ಸೇರಿಕೊಂಡು ಕೊನೆಗೆ ಹಲಗೆ ಹಾರಬೇಕು, ಅದೇ ಆಟದ ತುದಿಯಾಗಬೇಕು ಎಂಬುದು ನನ್ನ ಲೆಕ್ಕಾಚಾರ. ಎಷ್ಟು ಬುದ್ಧಿವಂತ ನೋಡಿ.

ಮಾಗಿಯ ಬೆಳಗು. ಮಂಜು ಇನ್ನೂ ಸರಿಯಾಗಿ ಎದ್ದಿರಲಿಲ್ಲ. ಗದ್ದೆಯಲ್ಲಿ ಒಂದು ಹಂಚಿನಲ್ಲಿ ಕೆಂಡವಿಟ್ಟು ಗಂಧಕ ಉದುರಿಸಿ, ಕಾಲುವೆಯ ನೀರನ್ನು ಗದ್ದೆಗೆ ತಿರುವಿ, ಏನೂ ಗೊತ್ತಿಲ್ಲದವನಂತೆ ಕಟ್ಟೆಗೆ ಬಂದು ಕೂತೆ. ಹತ್ತು ಹನ್ನೆರಡು ಜನ ಬಿಸಿಲು ಕಾಯಲು ಬಂದಿದ್ದರು. ಮಾವನೂ ಇದ್ದರು.

ಮೊದಲು ಮೂಗು ಎತ್ತಿದವರು ಅವರೇ. ಗಂಧಕದ ವಾಸನೆಗೆ ಅವರ ಮುಖ ಬೂದಿಯಾಯಿತು. ಅಷ್ಟರಲ್ಲಿ ಗದ್ದೆಯಲ್ಲಿ ಚುಯ್ ಎಂದಿತು. ಕಪ್ಪು ನೆಲದಿಂದ ಬೆಳ್ಳನೆಯ ಹೊಗೆ ಒಂದು ಕಡೆ ಎದ್ದಿತು, ಎರಡನೆಯ ಕಡೆ ಎದ್ದಿತು, ಮೂರನೆಯದು ಬುರುಬುರು ಎಂದು ಕೆಸರು ಉಗುಳಿತು. ಹೆಂಗಸರು ಕೂಗಿಕೊಂಡು ಮಕ್ಕಳನ್ನು ಎಳೆದುಕೊಂಡು ಓಡಿದರು. ಯಾರೋ ದನದ ಹಗ್ಗ ಬಿಚ್ಚಿದರು. ನಾನು ನಗು ತಡೆಯಲು ಟವೆಲ್ಲನ್ನು ಬಾಯಿಗೆ ಒತ್ತಿಕೊಂಡೆ. ಮಾವ ಓಡಲಿಲ್ಲ. ಕಟ್ಟೆಯ ಕಲ್ಲನ್ನು ಕೋಲಿನಿಂದ ಮತ್ತೆ ಮತ್ತೆ ತಟ್ಟುತ್ತಿದ್ದರು. “ಬಂದ್ಬುಡ್ತು... ಬಂದ್ಬುಡ್ತು ಕಣ್ರಪ್ಪ” ಎನ್ನುತ್ತಿದ್ದರು.

ಆಗ ಮಂಜಿನ ಆಚೆಯಿಂದ ಒಂದು ದನಿ ಕೇಳಿಸಿತು. “ಏನ್ರಲಾ ಅದು ಒಗೆ? ಯಾವನ್ಲಾ ಗದ್ದೇಗೆ ಬೆಂಕಿ ಇಕ್ಕಿರೋನು?”

ನನ್ನ ಅಜ್ಜಿ. ಮೂರು ದಿನದ ಹಿಂದೆ ಮುಳ್ಳೂರಿನ ಮಗಳ ಮನೆಗೆ ಹೋಗಿದ್ದಳು. ಇನ್ನೊಂದು ವಾರ ಬರುವುದಿಲ್ಲ ಎಂದುಕೊಂಡಿದ್ದೆ. ಯಾರದೋ ಗಾಡಿ ಸಿಕ್ಕಿತೆಂದು ಬೆಳಿಗ್ಗೆಯೇ ಹೊರಟು ಆಲೆಮನೆಯ ಹತ್ತಿರ ಇಳಿದಿದ್ದಳು. ಅವಳಿಗೆ ಕಣ್ಣು ಅಷ್ಟಕ್ಕಷ್ಟೇ. ಹೊಗೆಯ ಕಡೆಗೇ, ಗದ್ದೆಯ ನಡುವೆ, ಬೈದುಕೊಂಡು ನಡೆದು ಬರುತ್ತಿದ್ದಳು.

ನನ್ನ ನಗು ಎಲ್ಲಿ ಹೋಯಿತೋ. ಆ ನಾಲ್ಕು ಗುಂಡಿಗಳು ಎಲ್ಲಿವೆ ಎಂದು ಜಗತ್ತಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಓಡಿಹೋಗಿ ಕೈ ಹಿಡಿದು ಕರೆತಂದರೆ ಆಯಿತು. ಆದರೆ ಎಲ್ಲರೂ ಹೆದರುತ್ತಿರುವ ನೆಲದ ಮೇಲೆ ನಾನೊಬ್ಬ ನೇರವಾಗಿ ಓಡಿದರೆ ಊರಿಗೆ ತಿಳಿಯದೇ ಇರುತ್ತದೆಯೇ? ಕಟ್ಟೆಯ ಕೆಳಗೆ ನಿಂತ ಅಪ್ಪನ ಕೈಯಲ್ಲಿ ಎತ್ತಿನ ಬಾರುಗೋಲಿತ್ತು... ನಾನು ಯೋಚಿಸುತ್ತ ನಿಂತೆ. ಅಷ್ಟೇ ನಾನು ಮಾಡಿದ್ದು.

ಹೋದವರು ಮಾವ. ಈ ಲೋಕದಲ್ಲಿ ಆ ನೆಲಕ್ಕೆ ಅವರಷ್ಟು ಹೆದರಿದವರು ಯಾರೂ ಇರಲಿಲ್ಲ. ಕಾಲುವೆ ದಾಟಿ ಕೋಲು ತಟ್ಟಿದರು, ಕಿವಿಗೊಟ್ಟರು, ಒಂದು ಹೆಜ್ಜೆ ಇಟ್ಟರು. ಮತ್ತೆ ತಟ್ಟಿದರು. “ಅಲ್ಲೇ ನಿಂತ್ಕೊ ಅತ್ತೆ, ಕಾಲ್ ಎತ್ಬ್ಯಾಡ” ಎಂದು ಅಳುವ ದನಿಯಲ್ಲಿ ಕೂಗುತ್ತಿದ್ದರು. ಹೊಗೆಯೊಳಗೆ ಅವರು ಕಾಣಲಿಲ್ಲ. ತಟ್ ತಟ್ ಎಂಬ ಸದ್ದು ಮಾತ್ರ ಕೇಳುತ್ತಿತ್ತು. ಮತ್ತೆ ಕಂಡಾಗ ಅಜ್ಜಿ ಅವರ ಬೆನ್ನ ಮೇಲಿದ್ದಳು. ಒಂದನೆಯ ಗುಂಡಿ ಬಳಸಿದರು. ಎರಡನೆಯದನ್ನು ಬಳಸಿದರು. ಮೂರನೆಯದನ್ನೂ. ಇನ್ನು ಇಪ್ಪತ್ತು ಮಾರು ಬಂದರೆ ಕಾಲುವೆ.

ನಾಲ್ಕನೆಯದರ ಹಲಗೆಯ ಕೆಳಗೆ ನೀರು ಆಗಷ್ಟೇ ಇಳಿದಿತ್ತು, ಹೊಗೆಯಿರಲಿಲ್ಲ. ಅದರ ಮೇಲೆ ಅವರು ಕೋಲು ತಟ್ಟಿದರು. ಹಲಗೆ ಗಟ್ಟಿಯಾಗಿ ಸದ್ದು ಮಾಡಿತು. ಅವರ ಮುಖ ಸ್ವಲ್ಪ ಸಡಿಲವಾದದ್ದನ್ನು ನಾನು ಕಟ್ಟೆಯಿಂದಲೇ ಕಂಡೆ. ‘ಎಡಕ್ಕೆ’ ಎಂದು ಕೂಗಬೇಕಿತ್ತು. ಒಂದೇ ಮಾತು. ಬಾಯಿ ತೆರೆದೆ ಕೂಡ...

ಇಬ್ಬರ ಭಾರಕ್ಕೆ ಹಲಗೆ ಮುರಿಯಿತು. ಬೀಳುವಾಗ ಅವರು ಅಜ್ಜಿಯನ್ನು ಮುಂದಕ್ಕೆ ಎಸೆದರು. ಅವಳು ಒದ್ದೆ ಮಣ್ಣಿನ ಮೇಲೆ ಬಿದ್ದಳು, ಏನೂ ಆಗಲಿಲ್ಲ. ಅವರ ಬಲಗಾಲು ಮೊಣಕಾಲಿನವರೆಗೆ ಒಳಗಿತ್ತು, ಸುಣ್ಣ ಕುದಿಯುತ್ತಿತ್ತು. ಆ ಕೂಗು ಈಗಲೂ ನನಗೆ ಕೇಳುತ್ತದೆ. ಅವರು ಕೂಗಿದ್ದು ಅವ್ವನನ್ನಲ್ಲ, ದೇವರನ್ನಲ್ಲ. ಆ ಮಲಬಾರಿನ ಗೆಳೆಯನ ಹೆಸರನ್ನು.

ಬೆಲ್ಲ ಸಾಗಿಸುವ ಲಾರಿಯಲ್ಲಿ ಮಲಗಿಸಿ ಕೊಳ್ಳೇಗಾಲದ ಆಸ್ಪತ್ರೆಗೆ ಒಯ್ದೆವು. “ಏನಾಯ್ತು?” ಎಂದರು ಡಾಕ್ಟರು. “ಬೂಮಿಯಿಂದ ಬಿಸ್ನೀರು ಬಂತು, ಸಾ” ಎಂದೆ. ಅವರು ನನ್ನನ್ನು ಒಂದು ಥರಾ ನೋಡಿ ಒಳಗೆ ಹೋದರು. ಹೊರಗಿನ ಬೆಂಚಿನ ಮೇಲೆ ಕೂತೆ. ನನ್ನ ಉಗುರಿನ ಸಂದಿಯಲ್ಲಿ ಬೆಳ್ಳಗೆ ಸುಣ್ಣವಿತ್ತು. ಕಾಲು ಗಂಟೆಯಾದ ಮೇಲೆ ಎದ್ದು ಬಾಗಿಲು ತಳ್ಳಿ, ಡಾಕ್ಟರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. “ಸುಣ್ಣ, ಸಾ. ನಾನೇಯ.”

“ಮೊದಲೇ ಹೇಳೋಕೇನಾಗಿತ್ತು? ಒಳಗೆ ಕೂತು ತಿಂತಾ ಇರುತ್ತಲ್ಲಯ್ಯ ಅದು!” ಎಂದು ಬೈದು ನೀರು ತರಿಸಿದರು. ಎಷ್ಟೋ ಹೊತ್ತು ತೊಳೆದರು. ಕಾಲು ಉಳಿಯಿತು, ಎರಡು ಬೆರಳು ಹೋದವು. ಸಂಜೆ ನನ್ನನ್ನು ಪಕ್ಕಕ್ಕೆ ಕರೆದು “ಇದನ್ನ ಅವರಿಗೆ ನೀನೇ ಹೇಳು” ಎಂದರು. ಹೂಂ ಎಂದೆ.

ಊರಿನಲ್ಲಿ ಆ ಗದ್ದೆಯ ಕಡೆ ಯಾರೂ ಹೋಗಲಿಲ್ಲ. ಮರುದಿನ ಬೆಳಿಗ್ಗೆ ನಾನೇ ಗುಂಡಿಗಳನ್ನು ಮುಚ್ಚಿ ಹಲಗೆಯ ಚೂರುಗಳನ್ನು ಆಲೆಯ ಒಲೆಗೆ ಹಾಕಿದೆ. ‘ಎಂಥ ಎದೆಗಾರ!’ ಎಂದರು ಜನ. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಮಾವ ಊರಿಗೆ ಮರಳಿದ ಮೇಲೆ ಅರಳಿಕಟ್ಟೆಯಲ್ಲಿ ಪಂಚಾಯ್ತಿ ಸೇರಿತು. “ಯಾರ್ಗಾರ ಏನಾರ ಗೊತ್ತಿದ್ರೆ ಏಳ್ರಪ್ಪ” ಎಂದರು ಯಜಮಾನರು. ಮೂರು ಸಲ ಕೇಳಿದರು. ನಾನು ಬೆರಳುಗಳನ್ನು ಕಂಕುಳಲ್ಲಿ ಅಡಗಿಸಿಕೊಂಡು ಕೂತಿದ್ದೆ. ಕೊನೆಗೆ ಮಾವ ಅರಳಿಮರ ಹಿಡಿದು ಎದ್ದು ನಿಂತರು.

“ನಂಗೊತ್ತು. ಅದು ನನ್ ಇಂದೇಯ ಬಂದದೆ. ಇಷ್ಟ್ ವರ್ಸ ಉಡುಕ್ಕಂಡು ಬಂದದೆ. ನಾನು ಓದ್ರೆ ಅದೂ ಓಯ್ತದೆ.”

ಬೇಡ ಎಂದು ಒಬ್ಬರೂ ಹೇಳಲಿಲ್ಲ. ಹೆದರಿದ ಜನ. ಅಜ್ಜಿಯೊಬ್ಬಳೇ ಎದೆ ಬಡಿದುಕೊಂಡಳು. “ನನ್ನ ಒತ್ಗಂಡು ಬಂದವ್ನ ಊರ್ ಬುಡುಸ್ತೀರಾ? ನಿಮ್ ಬಾಯ್ಗೆ ಮಣ್ಣಾಕ. ಬೇಕಾರೆ ಇವ್ನ ಕಳ್ಸಿ, ಈ ಕಪೀಯ!” ಎಂದು ನನ್ನ ಕಡೆ ಬೆರಳು ತೋರಿಸಿದಳು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಕಟ್ಟೆ ನಕ್ಕಿತು. ಮಾವನೂ ನಕ್ಕರು. ನಾನೂ ನಕ್ಕೆ.

ಹನೂರಿನ ಬಸ್ಸಿಗೆ ಅವರ ಪೆಟ್ಟಿಗೆ ಹೊತ್ತು ಹೋದವನು ನಾನೇ. ಹನೂರಿನಾಚೆ ಬೆಟ್ಟದ ಬುಡದಲ್ಲಿ ಬರೀ ಬಂಡೆಯಿರುವ ಜಾಗವೊಂದಿದೆ, ಅಲ್ಲಿ ನೆಲ ಗಟ್ಟಿ ಎಂದರು. ಬಸ್ಸು ಬರಲು ಬಹಳ ಹೊತ್ತಿತ್ತು. ಬೇಕಾದಷ್ಟು ಹೊತ್ತಿತ್ತು. ಅವರು ಕೋಲನ್ನು ನನ್ನ ಕೈಗೆ ಕೊಟ್ಟರು.

“ಅಲ್ಲಿ ಇದು ಒಂದ್ ದಿನಕ್ಕೂ ಸುಳ್ಳು ಏಳ್ನಿಲ್ಲ ಕಣ್ಲಾ ಅಳಿಯ. ನಮ್ಮೂರ್ನಲ್ಲಿ ಏಳ್ಬುಡ್ತು. ಇನ್ ನಂಗ್ಯಾಕೆ?”

ಆಮೇಲೆ ಎಪ್ಪತ್ತರ ದಶಕದಲ್ಲಿ ಒಂದೇ ಸಲ ಹೋಗಿ ನೋಡಿದೆ. ಹಾಸುಬಂಡೆಯ ಮೇಲೆ ಒಂದು ಗುಡಿಸಲು. ಬಂಡೆ ಬಿಟ್ಟು ಕೆಳಗೆ ಇಳಿಯುತ್ತಲೇ ಇರಲಿಲ್ಲವಂತೆ. ಬೆಟ್ಟದ ಸೋಲಿಗರ ಮನೆಯವರು ನೀರು, ರಾಗಿ ತಂದು ಕೊಡುತ್ತಿದ್ದರು. ನನ್ನನ್ನು ಕಂಡು ಸಂತೋಷಪಟ್ಟರು. “ಗದ್ದೆ ತಣ್ಣಗದಾ?” ಎಂದು ಕೇಳಿದರು. “ತಣ್ಣಗದೆ ಮಾವ” ಎಂದೆ. “ನೋಡ್ದಾ, ನಾನ್ ಬಂದಿದ್ದು ವಳ್ಳೇದಾಯ್ತು” ಎಂದರು. ಅವರ ನೆಮ್ಮದಿಯನ್ನು ಒಡೆಯಬಾರದು ಎಂದು ಸುಮ್ಮನಾದೆ ಅಂತ ಆಗ ನನಗೇ ಹೇಳಿಕೊಂಡೆ. ಅದು ಸುಳ್ಳು. ಹೆದರಿಕೆ... ಬರೀ ಹೆದರಿಕೆ. ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಹೋದರೆಂಬ ಸುದ್ದಿಯ ಜೊತೆ ಆ ಹನ್ನೆರಡು ಪಟಗಳು ಬಂದವು. ‘ಅಳಿಯನಿಗೆ’ ಎಂದಿದ್ದರಂತೆ. ಅವರಿಗೆ ಮಗಳಿರಲಿಲ್ಲ, ನಾನು ಯಾವ ಲೆಕ್ಕದ ಅಳಿಯನೋ.

ಮೊನ್ನೆ ಸುಣ್ಣದ ವಾಸನೆಗೆ ಎದ್ದು ಬೀದಿಗೆ ಬಂದವನು ನೇರ ಅರಳಿಕಟ್ಟೆಗೆ ಹೋದೆ. ಜೇಬಿನಲ್ಲಿ ಆ ಕಟ್ಟಳೆ ಬಂಡೆಯ ಪಟವಿತ್ತು, ಕೈಯಲ್ಲಿ ಮಾವನ ಕೋಲಿತ್ತು. ಮೊಣಕಾಲು ಹಿಡಿದುಕೊಂಡು ಕಟ್ಟೆ ಹತ್ತಿ ನಿಂತು, ಬೀದಿಯ ಕೊನೆಗೂ ಕೇಳುವ ಹಾಗೆ ಕೂಗಿ ಹೇಳಿದೆ. ಗುಂಡಿ ತೋಡಿದ್ದು ನಾನು. ಸುಣ್ಣ ತುಂಬಿದ್ದು ನಾನು. ಹಡಗಿನ ಮಾವನ ಹಿಂದೆ ಯಾವ ಬೆಂಕಿಯೂ ಬಂದಿರಲಿಲ್ಲ.

ಕೆಳಗೆ ಆಟೋ ನಿಲ್ಲಿಸಿಕೊಂಡಿದ್ದ ಹುಡುಗರು ನಾಲ್ಕು ಜನ ಚಪ್ಪಾಳೆ ಹೊಡೆದರು. “ತಾತ, ಸಕತ್ತಾಗ್ ಕಟ್ಟಿದ್ದೀಯ ಬುಡು. ಯಾರ್ನ ಯಾಮಾರ್ಸಕ್ಕೆ ಇವತ್ತು?” ಎಂದ ಒಬ್ಬ. ಹಡಗಿನ ಮಾವ ಯಾರೆಂದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದವರು ಯಾರೂ ಉಳಿದಿಲ್ಲ. ನಿಜ ಕಣ್ರಲಾ ಎಂದೆ. ಅವರು ಇನ್ನೂ ಜೋರಾಗಿ ನಕ್ಕರು.

ಕಟ್ಟೆ ಇಳಿದು ಆ ಬಿಳಿ ಕೋಲು ತಟ್ಟಿಕೊಂಡು ಮನೆಗೆ ಬಂದೆ. ಪ್ರತಿ ಹೆಜ್ಜೆಗೂ ಕೋಲು ನೆಲ ಗಟ್ಟಿ ಎಂದೇ ಹೇಳಿತು. ನಾನು ನಂಬಲಿಲ್ಲ.